ಎರಡು ಸಲ ಮುಳುಗಿದ ವಿಷ

"ಭಾಯಿ, ಬ್ರೇಕ್ ಹಿಡೀಬ್ಯಾಡ್ರೀ!"

ಹಿಂದೆ ಕೂತಿದ್ದ ಬಸವಲಿಂಗ ಕಿವಿಯ ಹತ್ತಿರವೇ ಚೀರಿದ. ಕನ್ನಡಿ ನೋಡಿದೆ.

ಬಿಳಿ ಜೀಪು... ಮೂವತ್ತು ಅಡಿ ಹಿಂದೆ!

ಗೊರೇಬಾಳ ದಾಟಿ ಕಾಲುವೆ ದಂಡೆ ಹಿಡಿದಿದ್ದೆ. ಎಡಕ್ಕೆ ತುಂಬಿ ಹರಿಯುವ ನೀರು. ಬಲಕ್ಕೆ ನಾಟಿ ಮಾಡಿದ ಕೆಸರುಗದ್ದೆ. ಮಟಮಟ ಮಧ್ಯಾಹ್ನ. ಜೀಪು ಬೈಕಿನ ಹಿಂದಿನ ಚಕ್ರಕ್ಕೆ ತಾಗಿತು. ಹ್ಯಾಂಡಲ್ ಓಲಾಡಿತು. ಅಷ್ಟರಲ್ಲಿ ಕಾಲುವೆ ಮೇಲೊಂದು ಕಿರುಸೇತುವೆ ಕಂಡಿತು. ಬೈಕಿಗಷ್ಟೇ ಜಾಗ.

ತಿರುಗಿಸಿದೆ.

ಜೀಪಿನವನು ಗಾಬರಿಯಲ್ಲಿ ಬ್ರೇಕ್ ಒತ್ತಿದ. ಜೀಪು ಜಾರಿತು. ಗದ್ದೆಯ ಕೆಸರಿಗೆ ಮೂಗು ಹೂತು ನಿಂತಿತು!

ನನ್ನ ಹೆಸರು ಮುಕ್ತಿಯಾರ್. ಸಿಂಧನೂರಿನಲ್ಲಿ ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ದಂಧೆ. ಈ ಬಸವಲಿಂಗನನ್ನೂ ನಾನೇ ಹುಡುಕಿದ್ದು. ಜವಳಗೇರಾದಲ್ಲಿ, ಅವನ ಅಕ್ಕ ಸಂಗಮ್ಮನ ಮನೆಯ ಅಟ್ಟದ ಮೇಲೆ ಅಡಗಿದ್ದ.

ಒಂದು ಕಾಲಕ್ಕೆ ಜೆಸಿಬಿ ಓಡಿಸುತ್ತಿದ್ದ ಹುಡುಗ. ಆಮೇಲೆ ವಿದೇಶಿ ಹಡಗಿನಲ್ಲಿ ಕ್ರೇನ್ ಆಪರೇಟರ್ ಆದ. ಎರಡನೇ ಮಹಾಯುದ್ಧ ಮುಗಿದಾಗ ಸಮುದ್ರಕ್ಕೆ ಸುರಿದ, ವಿಷಾನಿಲ ತುಂಬಿದ ಫಿರಂಗಿ ಶೆಲ್ಲುಗಳನ್ನು ಮೇಲೆತ್ತುವುದು ಆ ಹಡಗಿನ ಕೆಲಸ. ಶೆಲ್ಲುಗಳು ತುಕ್ಕು ಹಿಡಿದು ಸೋರುತ್ತಿದ್ದವು. ಮೀನು ಸಾಯುತ್ತಿದ್ದವು. ಬಲೆ ಎಳೆದವರ ಕೈ ಸುಡುತ್ತಿತ್ತು. ಐದು ದೇಶಗಳು ಸೇರಿ ಕಮಿಟಿ ಮಾಡಿದವು. ಎತ್ತಿ ನಾಶ ಮಾಡಿ ಅಂತ ಒಂದು ಕಂಪನಿಗೆ ಗುತ್ತಿಗೆ ಕೊಟ್ಟವು.

ಕಂಪನಿ ಎತ್ತಿತು. ಹತ್ತು ಮೈಲಿ ಆಚೆ, ಮೀನು ಹಿಡಿಯುವ ಜಾಗದಲ್ಲೇ, ಮತ್ತೆ ಮುಳುಗಿಸಿತು!

ಆ ಜಾಗದ ಫೋಟೋಗಳು ಬಸವಲಿಂಗನ ಫೋನಿನಲ್ಲಿದ್ದವು. ಅದಕ್ಕೇ ಹಡಗು ಬಿಟ್ಟು ಓಡಿ ಬಂದು ಅಡಗಿದ್ದ. ಸಾಕ್ಷಿ ಅವನ ಅಂಗೈಯಲ್ಲೂ ಇತ್ತು... ಬೊಬ್ಬೆ ಒಡೆದು ಕರಕಲಾದ ಚರ್ಮ.

ಅವನನ್ನು ಹುಡುಕಲು ಹೇಳಿದವನು ಸಿದ್ದಲಿಂಗೇಶ. ಲಿಂಗಸುಗೂರಿನ ವಕೀಲ, ಕಮಿಟಿಯ ಸ್ಥಳೀಯ ಪ್ರತಿನಿಧಿ. ನನ್ನ ಬಾಲ್ಯದ ಗೆಳೆಯ. ಮೂರು ಗಂಟೆಗೆ ಅವನ ಆಫೀಸಿನಿಂದ ವಿಡಿಯೋದಲ್ಲಿ ಹೇಳಿಕೆ ಅಂತ ನಿಕ್ಕಿಯಾಗಿತ್ತು. ಹೆದ್ದಾರಿ ಬಿಟ್ಟು ಕಾಲುವೆ ದಂಡೆಗೆ ಇಳಿಯುವಾಗ ಅವನೊಬ್ಬನಿಗೇ ಫೋನ್ ಮಾಡಿದ್ದೆ.

ಅವನೊಬ್ಬನಿಗೇ!

ನಂಬಲು ಮನಸ್ಸಿಲ್ಲ. ಬೈಕು ನಿಲ್ಲಿಸಿ ಮತ್ತೆ ಫೋನ್ ಹಚ್ಚಿದೆ.

"ಸಿದ್ದು, ಜೀಪು ಬೆನ್ನು ಹತ್ತೈತೋ. ಗುರುಗುಂಟಾಕ್ಕ ಹೊಂಟೀವಿ. ಬಸ್ ಸ್ಟ್ಯಾಂಡಿನ್ಯಾಗ ಇರ್ತೀವಿ."

"ಅಲ್ಲೇ ಇರಪಾ. ನಾನ ಬರ್ತೀನಿ. ಯಾರಿಗೂ ಹೇಳಬ್ಯಾಡ."

ನಾವು ಹೋದದ್ದು ಮಸ್ಕಿಗೆ. ಬಿಳಿ ಜೀಪಿನ ವಿಷಯ ಹೇಳಿ, ಗುರುಗುಂಟಾದ ಬಸ್ ಸ್ಟ್ಯಾಂಡಿನ ಮೇಲೆ ಕಣ್ಣಿಡಲು ಅಲ್ಲಿನ ಚಹಾ ಅಂಗಡಿಯ ಬುಡ್ಡೇಸಾಬ್ ಕಾಕಾಗೆ ತಿಳಿಸಿದ್ದೆ. ಮುಕ್ಕಾಲು ಗಂಟೆಯಲ್ಲಿ ಅವರ ಫೋನ್ ಬಂತು.

"ಮುಕ್ತಿಯಾರ್, ಇನ್ನೊಂದು ಬಿಳಿ ಜೀಪು ಬಂದೈತಿ. ನಾಕು ಮಂದಿ. ನಿನ್ನ ಹೆಸರು ಹಿಡದು ಕೇಳಾಕತ್ತಾರ. ಕೈಯಾಗ ರಾಡ್ ಅದಾವ."

"ಸಿದ್ದು ಬಂದಾನೇನು ಕಾಕಾ?"

"ಯಾರೂ ಬಂದಿಲ್ಲಪಾ."

ಮುಗಿಯಿತು. ನಲವತ್ತು ವರ್ಷದ ದೋಸ್ತಿ ಒಂದು ಕಪ್ ಚಹಾ ಆರುವಷ್ಟರಲ್ಲಿ ಸತ್ತಿತು.

ಮಸ್ಕಿಯಲ್ಲಿ ಅರ್ಜುಮಂದ್‌ಳ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಆಧಾರ್, ಪಾಸ್‌ಪೋರ್ಟ್... ಎಲ್ಲ ಮಾಡಿಕೊಡುತ್ತಾಳೆ. ನಮ್ಮನ್ನು ನೋಡಿದವಳೇ ಶಟರ್ ಎಳೆದಳು.

"ಯಾರು ಬಡೀತಾರ ಬಡೀಲಿ ಭಾಯಿ. ನೆಟ್ ಐತಿ. ಕುಂದರ್ರಿ."

ಕಮಿಟಿಯ ಲಿಂಕ್ ನನ್ನ ಫೋನಿನಲ್ಲಿತ್ತು. ಪರದೆಯ ಮೇಲೆ ಐದು ದೇಶದ ಐದು ಮುಖ. ಜೊತೆಗೆ ಒಬ್ಬ ಕನ್ನಡ ದುಭಾಷಿ. ಬಸವಲಿಂಗ ಎರಡೂ ಅಂಗೈ ಎತ್ತಿ ಹಿಡಿದ.

"ಈ ಕೈಯಿಂದಾನ ಇಳಿಸೀನ್ರೀ. ಅಲ್ಲಿ ಮೀನು ಹಿಡಿಯೋ ಮಂದಿಗಿ ಗೊತ್ತಿಲ್ಲರೀ. ಹೇಳ್ರಿ ಅವರಿಗಿ..."

ಅಧ್ಯಕ್ಷ ಗಂಭೀರವಾಗಿ ತಲೆ ಆಡಿಸಿದ. ಧನ್ಯವಾದ ಹೇಳಿದ. ಫೋಟೋಗಳನ್ನೂ ಕಮಿಟಿಗೆ ಕಳಿಸಿದೆವು.

ಎರಡು ದಿನ ಬಿಟ್ಟು ಸಿದ್ದಲಿಂಗೇಶನ ಆಫೀಸಿಗೆ ನುಗ್ಗಿದೆ. ಕಾಲರ್ ಹಿಡಿದು ಗೋಡೆಗೆ ಒತ್ತಿದೆ.

"ಕಂಪನಿಗೆ ಮಾರಿಕೊಂಡೆ ಏನಲೇ?"

ಅವನು ಅಲುಗಲಿಲ್ಲ. ಕಣ್ಣು ಮಾತ್ರ ತುಂಬಿತು.

"ನಂಗ ಫೋನ್ ಬಂದದ್ದು ಕಂಪನಿಯಿಂದಲ್ಲೋ. ಕಮಿಟಿ ಅಧ್ಯಕ್ಷನಿಂದ. 'ಹುಡುಗನ್ನ ಹುಡುಕಸು, ಆದ್ರ ಹೇಳಿಕೆ ಆಗಬಾರ್ದು' ಅಂದ. ಕೆಲಸ ಮುಗದೈತಿ ಅಂತ ಐದೂ ದೇಶ ಆಗಲೇ ಸರ್ಟಿಫಿಕೇಟ್ ಕೊಟ್ಟಾವ. ಈಗ ಸುಳ್ಳಂತ ಹೆಂಗ ಒಪ್ಪತಾವ?"

"ರಾಡ್ ಹಿಡದು ಬಂದವರು?"

"ಅವರೂ ಅಧ್ಯಕ್ಷನ ಕಡೆಯವರ. ಹೆದರಸ್ತೀವಿ ಅಷ್ಟ ಅಂದಿದ್ರು..."

"ನಾನೂ ಇದ್ದೆ ಆ ಬೈಕಿನ ಮ್ಯಾಲೆ!"

ಅವನು ಪಕ್ಕದ ಮೇಜಿಗೆ ಕೈ ಚಾಚಿ ಕಾಗದವೊಂದನ್ನು ನನ್ನತ್ತ ತಳ್ಳಿದ. ಬಸವಲಿಂಗನ ಹೇಳಿಕೆಯನ್ನು ಮೂವತ್ತು ವರ್ಷ ಗುಪ್ತವಾಗಿ ಇಡಬೇಕು. ಕಮಿಟಿಯ ಒಮ್ಮತದ ತೀರ್ಮಾನ, ಐದೂ ದೇಶದ ಸಹಿ.

ಕಾಲರ್ ಬಿಟ್ಟೆ. ಹೊಡೆಯಬೇಕು ಅಂತಲೇ ಬಂದಿದ್ದೆ. ಕೈ ಬರಲಿಲ್ಲ.

"ಫೋಟೋ ಅರ್ಜುಮಂದ್‌ಳ ಕಂಪ್ಯೂಟರಿನ್ಯಾಗೂ ಅದಾವ ಸಿದ್ದು. ಮುಂಜಾನೆ ಅಲ್ಲಿನ ಮೀನುಗಾರರ ಸಂಘಕ್ಕ ಕಳಿಸ್ಯಾಳ. ನಿನ್ನ ಅಧ್ಯಕ್ಷನಿಗೆ ಹೇಳು."

ಅವನ ಮುಖದ ರಕ್ತ ಇಳಿಯಿತು. ನೋಡುತ್ತ ನಿಲ್ಲದೆ ಮೆಟ್ಟಿಲು ಇಳಿದೆ.

ಜವಳಗೇರಾದಿಂದ ಫೋನ್ ಬಂತು. ಬಸವಲಿಂಗ.

"ಭಾಯಿ, ಕಮಿಟಿಯವರು ಏನಂದ್ರು? ಎಲ್ಲಾ ದೇಶ ಒಪ್ಪಿದಾವೇನ್ರೀ?"

"ಒಪ್ಯಾವ ಬಸು," ಅಂದೆ. "ಐದೂ ದೇಶ ಒಟ್ಟಿಗೆ ಸಹಿ ಹಾಕ್ಯಾವ... ಸುಮ್ಮನಿರಾಕ!"