ಎಡಗಣ್ಣಿಗೆ ಕಂಡ ಎಣ್ಣೆ

ಒಂದು ಕೂದಲನ್ನು ಉದ್ದಕ್ಕೆ ಐವತ್ತು ಸಾವಿರ ಎಳೆಯಾಗಿ ಸೀಳಿದರೆ ಒಂದೆಳೆ ಎಷ್ಟು ತೆಳುವೋ, ಅಷ್ಟು ತೆಳುವಾದ ಎಣ್ಣೆಯನ್ನು ನಾನು ಬರಿಗಣ್ಣಿನಲ್ಲಿ ಕಂಡು ಕೇಸು ಭೇದಿಸಿದವನು. ಅದೂ ಎಡಗಣ್ಣಿನಲ್ಲಿ, ಬಲಗಣ್ಣು ಆಗ ಎಫ್‌ಐಆರ್ ಬರೆಯುತ್ತಿತ್ತು. ಠಾಣೆಯ ರೈಟರ್ ಎಂದರೆ ಸುಮ್ಮನೆಯೇ?

ಮಾರ್ಚ್ 4, ಬೆಳಿಗ್ಗೆ 10.20. ನಿವೃತ್ತ ನರ್ಸ್ ಒಬ್ಬರು ಹಾರ್ಡ್ ಡಿಸ್ಕೊಂದನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಬಂದರು. ತೀರಿಹೋದ ಕಿರಿಮಗಳ ಹನ್ನೊಂದು ನಿಮಿಷದ ಮಾತು ಅದರಲ್ಲಿತ್ತು. ಈಗ ದಿನಕ್ಕೊಂದು ಮಾತು ನುಂಗುತ್ತಿದೆ, ಯಾರೋ ಬೇಕೆಂದೇ ಕೆಡಿಸಿದ್ದಾರೆ ಎಂದು ದೂರು.

"ನಕಲು ಇಲ್ವಾ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ದೊಡ್ಡ ಮಗಳು ಮಾಡ್ಕೊಡ್ತೀನಿ ಅಂತಿದ್ಲು. ಅವಳಿಗೆ ಪುರುಸೊತ್ತೆಲ್ಲಿ, ಪಾಪ."

12.05ಕ್ಕೆ ಪಂಚನಾಮೆ, ಜಪ್ತಿ. ಮರುದಿನ ಪ್ರಯೋಗಾಲಯದ ತಜ್ಞ ಡಿಸ್ಕ್ ಬಿಚ್ಚಿ ನೋಡಿದ.

"ತಟ್ಟೆ ಮೇಲೆ ತೆಳ್ಳಗೆ ಎಣ್ಣೆ ಇರುತ್ತೆ ಮೇಡಂ. ಓದೋ ಹೆಡ್ ಅದರ ಮೇಲೆ ತೇಲ್ತಾ ಇರುತ್ತೆ. ಒಂದೇ ಕಡೆ ನಿಂತ್ರೆ ಎಣ್ಣೆ ಸವೆಯುತ್ತೆ ಅಂತ ಡಿಸ್ಕೇ ಹೆಡ್ಡನ್ನ ಅತ್ತಿತ್ತ ಓಡಾಡಿಸುತ್ತೆ. ಇಲ್ಲಿ ಯಾರೋ ಓಡಾಟ ನಿಲ್ಲಿಸಿ, ಈ ದನಿ ಇರೋ ಜಾಗದ ಮೇಲೇ ವಾರಗಟ್ಟಲೆ ಕೂರಿಸಿದ್ದಾರೆ."

"ಇದೆಲ್ಲ ಯಾರಿಗೆ ಗೊತ್ತಿರುತ್ತೆ?"

"ಡಿಸ್ಕ್ ಕಾರ್ಖಾನೇಲಿ ಪರೀಕ್ಷೆ ಮಾಡೋರಿಗೆ. ಆದ್ರೆ ಗೀರು ಇನ್ನೂ ಬಿದ್ದಿಲ್ಲ. ಠಾಣೇಲೇ ಇಟ್ಕೊಳ್ಳಿ, ಹತ್ತು ದಿನ ಕರೆಂಟ್ ಕೊಡಬೇಡಿ. ಅಕ್ಕಪಕ್ಕದ ಎಣ್ಣೆ ಹರಿದು ಬಂದು ತುಂಬಿಕೊಳ್ಳುತ್ತೆ. ಆಮೇಲೆ ಒಂದೇ ಸಲ ಓದಿಸಿ ನಕಲು ತೆಗೀತೀನಿ."

ದೊಡ್ಡ ಮಗಳ ಕೆಲಸ ಅದೇ ಪರೀಕ್ಷೆ. ಮಾರ್ಚ್ 9, ಸಂಜೆ 4.15. ಕಾರ್ಖಾನೆಯ ಉಕ್ಕಿನ ಗೇಟು ನನ್ನ ಒಂದೇ ಕೆಮ್ಮಿಗೆ ತೆರೆದುಕೊಂಡಿತು. ಬಿಳಿ ನಿಲುವಂಗಿಯೊಳಗೆ ಅವಳ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ನೀವೇನಾ ಮಾಡಿದ್ದು?" ಮೇಡಂ ಕೇಳಿದರು.

"ಹೌದು."

"ಎಷ್ಟು ವಾರ?"

"ಹದಿನಾಲ್ಕು."

"ಒಂದೇ ಏಟಿಗೆ ಒಡೆದು ಹಾಕಬಹುದಿತ್ತಲ್ಲ?"

"ಒಡೆದಿದ್ರೆ ಅಮ್ಮ ಒಂದಿನ ಅತ್ತು ಸುಮ್ಮನಾಗೋರು. ದಿನಾ ಒಂದೊಂದೇ ಮಾತು ಹೋಗ್ಲಿ ಅಂತ." ಕೈಗವಸು ಕಳಚಿ ಕೈ ಚಾಚಿದಳು. "ಎಂಟು ವರ್ಷ ಮೇಡಂ. ಊಟಕ್ಕೆ ಕೂತಾಗೆಲ್ಲ ಅದನ್ನೇ ಹಾಕೋರು. ನಾನು ಬಾಯಿ ತೆರೆದ್ರೆ, ಶ್, ತಂಗಿ ಮಾತಾಡ್ತಿದಾಳೆ ಅನ್ನೋರು."

ಬಂಧನ 4.40ಕ್ಕೆ.

ಮಾರ್ಚ್ 16, ಬೆಳಿಗ್ಗೆ 11. ಪ್ರಯೋಗಾಲಯದ ಹೊರಗೆ ತಾಯಿ ಕೂತಿದ್ದರು. ಸೆರೆಯಲ್ಲಿದ್ದ ಮಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಹತ್ತು ದಿನ ಆಯ್ತಲ್ಲ, ಈಗ ಕೇಳಬಹುದಾ?" ಎಂದರು.

ಒಳಗೆ ತಜ್ಞ ಡಿಸ್ಕಿಗೆ ತಂತಿ ಜೋಡಿಸಿದ. ಪರದೆಯ ಮೇಲೊಂದು ಅಂಕಿ ಮೂಡಿತು; ಹಿಂದೆಯೇ ಲೋಹ ಹೆರೆದ ಸದ್ದು. ಆರಿಸಿಬಿಟ್ಟ.

"ಮುಗೀತು, ಬರೀ ಪುಡಿ. ಎಷ್ಟು ಸಲ ಚಾಲೂ ಮಾಡಿದ್ರು ಅಂತ ಡಿಸ್ಕೇ ಗುರುತಿಟ್ಟುಕೊಳ್ಳುತ್ತೆ ಮೇಡಂ. ನಾನು ಠಾಣೆಗೆ ಕೊಟ್ಟಾಗ 612 ಇತ್ತು. ಈ ಸಲದ್ದು ಬಿಟ್ಟು 619."

ಮೇಡಂ ನನ್ನ ಕಡೆ ತಿರುಗಿದರು. "ರೈಟರೇ, ಜಪ್ತಿ ಕೋಣೆ ಕೀ ಯಾರ ಹತ್ರ ಇತ್ತು?"

"ನನ್ನ ಹತ್ರ, ಮೇಡಂ."

ನಾನು ಯಾವ ಎಣ್ಣೆಯನ್ನೂ ಕಂಡಿಲ್ಲ. ನನ್ನ ಎಡಗಣ್ಣಿಗೆ ಠಾಣೆಯ ಬೋರ್ಡೇ ಕಾಣುವುದಿಲ್ಲ. ಸತ್ತವಳನ್ನು ಮಾತಾಡಿಸುತ್ತೇನೆ ಎಂದು ಪೇದೆಗಳ ಮುಂದೆ ಜಂಬ ಕೊಚ್ಚಿ, ದಿನಕ್ಕೊಬ್ಬರನ್ನು ಕೂರಿಸಿಕೊಂಡು ಆ ಡಿಸ್ಕನ್ನು ಏಳು ಸಲ ಹಾಕಿದೆ. ಏಳನೆಯ ಸಲ ಹುಡುಗಿ, "ಅಮ್ಮಾ, ಅಕ್ಕ ಊಟ ಮಾಡಿದ್ಲಾ?" ಎಂದಳು. ಆಮೇಲೆ ಕಿರ್ರೆಂದಿತು.

"ಹೊರಗೆ ಕೂತಿದಾರೆ," ಎಂದರು ಮೇಡಂ. "ಹೋಗಿ, ನೀವೇ ಹೇಳಿ."