ಫೇಲಾದವರ ಚೀಟಿ

ಅವಳು ಮೊದಲ ಸಲ ನನ್ನ ಬಾಗಿಲಿಗೆ ಬಂದದ್ದು ಒಂದು ಚೀಟಿ ಹಿಡಿದುಕೊಂಡು. ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತು ನೆಲದ ಮೇಲಿದ್ದ ಮರದ ಪುಡಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎರಡು ನೋಟಕ್ಕೂ ವ್ಯತ್ಯಾಸವಿರಲಿಲ್ಲ.

"ಮೇಸ್ತ್ರಿ ನೀವೇನಾ?"

"ಹೌದು."

"ತಗೊಳ್ಳಿ. ಲೆಕ್ಕದಲ್ಲಿ ಫೇಲಾದವರು, ಹನ್ನೊಂದು ಜನ. ಇನ್ನು ಮೇಲೆ ಇವರು ನಿಮ್ಮ ಕಡೆ."

"ಫೇಲಾದವರೇ ಯಾಕೆ ಟೀಚರೇ?"

"ಲೆಕ್ಕ ತಲೆಗೆ ಹತ್ತದವರಿಗೆ ಮರಗೆಲಸ. ಹೆಡ್‌ಮಾಸ್ತರ ಆರ್ಡರು."

"ಲೆಕ್ಕ ತಪ್ಪಿದರೆ ನಿಮ್ಮಲ್ಲಿ ಮಾರ್ಕು ಹೋಗುತ್ತೆ. ನನ್ನಲ್ಲಿ ಬೆರಳು ಹೋಗುತ್ತೆ. ಲೆಕ್ಕ ಎಲ್ಲಿ ಜಾಸ್ತಿ ಬೇಕು ಅಂತೀರಿ?"

ಅವಳ ಎಡಹುಬ್ಬು ಮೇಲೇರಿತು. ಬಲಹುಬ್ಬು ಇದ್ದಲ್ಲೇ ಇತ್ತು. "ನೀವು ಎಷ್ಟನೇ ಕ್ಲಾಸು ಓದಿದೀರಿ?"

"ನಾಲ್ಕು. ಅದೂ ಪೂರ್ತಿಯಲ್ಲ."

"ಗೊತ್ತಾಗುತ್ತೆ," ಎಂದು ತಿರುಗಿ ಹೊರಟಳು.

ಎಂಥ ಜಂಬ ಅಂದುಕೊಂಡೆ. ಜಡೆ ಕೂಡ ಸ್ಕೇಲು ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಅಷ್ಟು ಕೋಪದಲ್ಲೂ ಜಡೆ ನೋಡಿದ್ದೇಕೆ ಅಂತ ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಅದು ಆರರಿಂದ ಹತ್ತನೇ ಕ್ಲಾಸಿನವರೆಗಿನ ಶಾಲೆ. ಮಕ್ಕಳಿಗೆ ಕಸುಬು ಕಲಿಸಬೇಕು ಅಂತ ಮೇಲಿನಿಂದ ಹುಕುಂ ಬಂದಿತ್ತು, ಹಾಗಾಗಿ ನನ್ನನ್ನು ಕರೆಸಿದ್ದರು. ಹೆಡ್‌ಮಾಸ್ತರು ಅವಳ ಸ್ವಂತ ಚಿಕ್ಕಪ್ಪ. ಹೊಸ ಉಳಿ, ಗರಗಸ, ತೋಪಡ ಎಲ್ಲವನ್ನೂ ಗಾಜಿನ ಬೀರುವಿನಲ್ಲಿಟ್ಟು, ಪ್ಲಾಸ್ಟಿಕ್ಕೂ ಬಿಚ್ಚದೆ ಬೀಗ ಜಡಿದಿದ್ದರು. ಕೀಲಿ ಅವರ ಸೊಂಟದಲ್ಲಿ.

"ಮುಟ್ಟಿದರೆ ಹೊಳಪು ಹೋಗುತ್ತೆ ಕಣಯ್ಯ. ಇನ್ಸ್‌ಪೆಕ್ಷನ್‌ಗೆ ಬೇಕು."

ಮುಟ್ಟದ ಗರಗಸಕ್ಕೇ ತುಕ್ಕು ಹಿಡಿಯೋದು. ಅಷ್ಟೂ ತಿಳಿಯದ ಮನುಷ್ಯ ಮುನ್ನೂರು ಮಕ್ಕಳಿಗೆ ದೊಡ್ಡವನು. ಗೋಡೆ ಮೇಲೆ 'ದುಡಿಮೆಯೇ ದೇವರು' ಅಂತ ಬೇರೆ ಬರೆಸಿದ್ದರು. ದೇವರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವರು ಅವರೊಬ್ಬರೇ ಇರಬೇಕು. ನಾನು ನನ್ನ ಹಳೆಯ ಹತಾರಗಳಲ್ಲೇ ಪಾಠ ಶುರು ಮಾಡಿದೆ.

ಹನ್ನೊಂದರಲ್ಲಿ ಮೂವರನ್ನು ವಾಪಸ್ಸು ಕಳಿಸಿದೆ. ಅದೇ ಚೀಟಿಯ ಹಿಂಬದಿಗೆ ದಪ್ಪಕ್ಷರದಲ್ಲಿ ಬರೆದೆ: 'ಇವರಿಗೆ ಅರ್ಧ, ಕಾಲು ಗೊತ್ತಿಲ್ಲ. ಮೊದಲು ನೀವು ಕಲಿಸಿ.'

ಕುದಿಯುತ್ತಾ ಬಂದಳು. "ಫೇಲಾದವರನ್ನೇ ಫೇಲು ಮಾಡ್ತೀರಲ್ಲ, ಏನು ಮನುಷ್ಯರು ನೀವು!"

"ಗರಗಸ ಯಾರ ಮುಖಾನೂ ನೋಡಲ್ಲ ಟೀಚರೇ."

ಅವಳಿಗೆ ನಗು ಬಂತು. ನುಂಗಿಕೊಂಡಳು. ಅದು ಗಂಟಲಲ್ಲಿ ಇಳಿದದ್ದು ನನಗೆ ಕಾಣಿಸಿತು. ಕಂಡದ್ದು ಅವಳಿಗೂ ಗೊತ್ತಾಗಿ ಕಿವಿ ಕೆಂಪಾಯಿತು.

ಅವಳ ಕ್ಲಾಸಿನ ಕುರ್ಚಿ ಕುಂಟುತ್ತಿತ್ತು. ಒಂದು ಕಾಲಿನಡಿ ಮಡಿಚಿದ ಪ್ರಶ್ನೆಪತ್ರಿಕೆ ಇಟ್ಟು ಮೂರು ವರ್ಷದಿಂದ ಪಾಠ ಮಾಡುತ್ತಿದ್ದಳು.

"ಸರಿ ಮಾಡಿಕೊಡಲಾ?" ಅಂದೆ.

"ನಾಲ್ಕು ಕಾಲು, ನಾಲ್ಕು ಅಳತೆ. ಇಷ್ಟಕ್ಕೆ ಮೇಸ್ತ್ರಿ ಬೇಕಾ? ಒಂದು ಗರಗಸ ಕೊಡಿ, ಸಾಕು."

ಕೊಟ್ಟೆ. ಸಂಜೆ ಶಾಲೆ ಬಿಟ್ಟರೂ ಗರಗಸ ವಾಪಸ್ಸು ಬರಲಿಲ್ಲ. ನೋಡೋಣ ಅಂತ ಹೋದೆ. ಲೆಕ್ಕದಲ್ಲಿ ಚಿನ್ನದ ಪದಕ ಗೆದ್ದವಳು ಅದೇ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದಳು. ಉದ್ದ ಇದೆ ಅಂತ ಒಂದು ಕಾಲು ಕೊಯ್ದಿದ್ದಾಳೆ, ಆಗ ಇನ್ನೊಂದು ಉದ್ದವಾಗಿದೆ. ಅದನ್ನು ಕೊಯ್ದರೆ ಮತ್ತೊಂದು. ಸುತ್ತ ಮರದ ಬಿಲ್ಲೆಗಳು ಚೆಲ್ಲಾಡಿದ್ದವು. ಕುರ್ಚಿ ಒಂದು ಗೇಣಿಗೆ ಇಳಿದಿತ್ತು. ಇನ್ನೂ ಕುಂಟುತ್ತಿತ್ತು.

"ನಗಬೇಡಿ," ಅಂದಳು. "ನೆಲ ಡೊಂಕು."

"ಕುಣಿಯಲಾರದವಳೂ ಹಾಗೇ ಅಂದಳಂತೆ."

ಅಂದೆನೇ ಹೊರತು, ಕಸುಬಿನವನು ಬಾಯಿಮಾತು ನಂಬಬಾರದು. ಮಟ್ಟಗೋಲು ತಂದು ನೆಲಕ್ಕಿಟ್ಟೆ. ಗಾಜಿನೊಳಗಿನ ಗುಳ್ಳೆ ಒಂದು ಕಡೆ ಇಟ್ಟರೆ ಎಡಕ್ಕೆ ಓಡಿತು, ಗೇಣಾಚೆ ಇಟ್ಟರೆ ಬಲಕ್ಕೆ. ನೆಲ ನಿಜವಾಗಿಯೂ ಡೊಂಕು! ಗಾದೆ ಕಟ್ಟಿದವನು ನೆಲ ಅಳೆದಿರಲಿಲ್ಲ ಅಂತ ಕಾಣುತ್ತೆ.

"ಕುರ್ಚೀದು ಏನೂ ತಪ್ಪಿರಲಿಲ್ಲ ಟೀಚರೇ. ಎರಡು ಹೆಜ್ಜೆ ಆಚೆ ಹಾಕಿಕೊಂಡಿದ್ದರೆ ಸಾಕಿತ್ತು."

ಅವಳು ಆಗ ನಕ್ಕಳು. ಈ ಸಲ ನುಂಗಲಿಲ್ಲ. ನಗುತ್ತಾ ಏಳಲು ನೋಡಿದಳು, ಅಷ್ಟು ಗಿಡ್ಡ ಕುರ್ಚಿಯಿಂದ ಏಳಲಾಗಲಿಲ್ಲ. ಕೈ ಚಾಚಿದಳು. ನನ್ನ ಅಂಗೈ ಮರದ ಸಿಬಿರಿನಂತೆ ಒರಟು, ಹಿಂಜರಿದೆ. "ಕೊಡ್ರೀ," ಅಂದಳು. ಕೊಟ್ಟೆ. ಅವಳ ಬೆರಳಲ್ಲಿ ಆ ದಿನದ ಹೊಸ ಬೊಬ್ಬೆ ಎರಡಿದ್ದವು.

ಮರುವಾರ ಅವಳಿಗೊಂದು ಮೂರು ಕಾಲಿನ ಸ್ಟೂಲು ಮಾಡಿಕೊಟ್ಟೆ. "ಇದು ಎಂಥ ನೆಲದಲ್ಲೂ ಕುಂಟಲ್ಲ."

"ಯಾಕೆ?"

"ಯಾಕೋ. ಕುಂಟಲ್ಲ, ಅಷ್ಟೆ."

ಅವಳು ಬೋರ್ಡಿನ ಮೇಲೆ ಮೂರು ಚುಕ್ಕಿ ಇಟ್ಟಳು. "ಮೂರು ಚುಕ್ಕಿ ಎಷ್ಟು ಮೇಲೆ ಕೆಳಗೆ ಇದ್ದರೂ ಒಂದೇ ಹಲಗೆ ಮೂರನ್ನೂ ಮುಟ್ಟುತ್ತೆ. ನಾಲ್ಕನೆಯದು ಬಂದಾಗಲೇ ಜಗಳ."

ಇಪ್ಪತ್ತು ವರ್ಷದಿಂದ ನನ್ನ ಕೈಗೆ ಗೊತ್ತಿದ್ದಕ್ಕೆ ಅವಳ ಬಾಯಲ್ಲಿ ಕಾರಣವಿತ್ತು. ಅವತ್ತು ಮನೆಗೆ ಹೋಗುವ ದಾರಿಯನ್ನು ಎರಡು ಸಲ ತಪ್ಪಿದೆ.

ಅಲ್ಲಿಂದ ಅವಳು ಇಡೀ ಕ್ಲಾಸನ್ನೇ ನನ್ನ ಕೋಣೆಗೆ ಕರೆತರತೊಡಗಿದಳು, ಮೊದಲ ರ‍್ಯಾಂಕಿನವರ ಸಮೇತ. ಹೆಡ್‌ಮಾಸ್ತರಿಗೆ ಮೈಯೆಲ್ಲ ಉರಿಯಿತು.

"ಜಾಣ ಮಕ್ಕಳ ಕೈಗೆ ಉಳಿ ಕೊಡ್ತೀಯಲ್ಲೇ! ನಾಳೆ ಅವರ ಅಪ್ಪಂದಿರು ನನ್ನನ್ನ ಸುಮ್ಮನೆ ಬಿಡ್ತಾರಾ?"

"ಬಾಗಿಲು ಮುರಿದರೆ ಜಾಣರು ಏನು ಮಾಡ್ತಾರೆ ಚಿಕ್ಕಪ್ಪ?"

"ಇಲ್ಲಿ ನಾನು ಸರ್!"

ಇನ್ಸ್‌ಪೆಕ್ಷನ್ ಬಂತು. ಮೂವರು ಅಧಿಕಾರಿಗಳು. ಬೀರುವಿನ ಮುಂದೆ ಫೋಟೋ ತೆಗೆಸಿಕೊಂಡು "ತುಂಬಾ ಅಚ್ಚುಕಟ್ಟು" ಅಂದರು. ಒಬ್ಬ ನನ್ನ ಮಕ್ಕಳು ಮಾಡಿದ ಬೆಂಚಿನ ಮೇಲೆ ಕೂತು ಶೂ ಲೇಸು ಕಟ್ಟಿಕೊಂಡ. ಬೆಂಚು ಯಾರು ಮಾಡಿದ್ದು ಅಂತ ಕೇಳಲಿಲ್ಲ. ಹೊರಡುವಾಗ ಹೇಳಿದರು: ಕಸುಬಿನ ಪಾಠವನ್ನು ಎಲ್ಲ ಶಾಲೆಗಳಿಗೂ ವಿಸ್ತರಿಸುತ್ತಾರಂತೆ. ಆದರೆ ಕಲಿಸುವವರಿಗೆ ಸರ್ಟಿಫಿಕೇಟು ಬೇಕಂತೆ. ತಿಂಗಳಲ್ಲಿ ಪರೀಕ್ಷೆ. ಬರೆಯುವ ಪರೀಕ್ಷೆ!

ಫೇಲಾದರೆ ಆ ಕೋಣೆ ನನ್ನದಲ್ಲ. ಚೀಟಿ ಹಿಡಿದು ಬರುವವಳು ಇನ್ಯಾರದೋ ಬಾಗಿಲಿಗೆ ಹೋಗುತ್ತಾಳೆ. ನನಗೆ ಹೆದರಿಕೆಯಾದದ್ದು ಎರಡನೆಯದಕ್ಕೆ.

ಆ ತಿಂಗಳೆಲ್ಲ ಸಂಜೆ ಅವಳು ನನಗೆ ಪ್ರಶ್ನೆ ಓದಿ ಉತ್ತರ ಬರೆಯಲು ಕಲಿಸಿದಳು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದನ್ನು ನನ್ನಿಂದಲೇ ಕಲಿತಿದ್ದಳು. ಪುಸ್ತಕ ಬಿಟ್ಟು ನಾನು ಆ ಕಿವಿ ನೋಡಿದರೆ, ತಲೆ ಎತ್ತದೆಯೇ ಹೇಳುತ್ತಿದ್ದಳು: "ಪ್ರಶ್ನೆ ಕೆಳಗಿದೆ ಮೇಸ್ತ್ರಿ."

ಪರೀಕ್ಷೆಯ ಮೊದಲ ಪ್ರಶ್ನೆ: 'ಉಳಿ ಹಿಡಿಯುವ ವಿಧಾನವನ್ನು ಹತ್ತು ವಾಕ್ಯಗಳಲ್ಲಿ ವಿವರಿಸಿ.' ಎಂಥ ತಲೆ ಇದನ್ನು ಬರೆದಿರಬೇಕು! ಎರಡು ವಾಕ್ಯ ಬರೆದೆ. ಮೂರನೆಯದಕ್ಕೆ ಪೆನ್ನು ಕೆಳಗಿಟ್ಟು ನೋಡಿದರೆ, ಡೆಸ್ಕಿನ ಮೇಲೆ ನನ್ನ ಕೈಗಳು ತಾವಾಗಿಯೇ ಉಳಿ ಹಿಡಿದು ಕೂತಿದ್ದವು. ಅವಕ್ಕೆ ಗೊತ್ತಿತ್ತು. ಅಕ್ಷರಕ್ಕೆ ಗೊತ್ತಿರಲಿಲ್ಲ. ಎರಡೂ ವಾಕ್ಯ ಹೊಡೆದುಹಾಕಿ ಬರೆದೆ: 'ಉಳಿ ಕೊಡಿ, ತೋರಿಸ್ತೀನಿ.' ಎದ್ದು ಬಂದೆ.

ಫೇಲು. ನನ್ನ ಜಾಗಕ್ಕೆ ಸರ್ಟಿಫಿಕೇಟಿನವನು ಬಂದ. ಬೋರ್ಡಿನ ಮೇಲೆ ಗರಗಸದ ಚಿತ್ರ ಬಹಳ ಚೆನ್ನಾಗಿ ಬಿಡಿಸುತ್ತಿದ್ದ. ಹಲ್ಲುಗಳು ಮಾತ್ರ ತಿರುಗುಮುರುಗು.

ಹತಾರಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಅವಳು ಬಂದಳು. ಹೊರಗೆ ಕಾರಿಡಾರಿನಲ್ಲಿ ಅವಳ ಚಿಕ್ಕಪ್ಪ ನಿಂತೇ ಇದ್ದರು. ಅವಳು ಹೊಸಿಲು ದಾಟಿ, ಮರದ ಪುಡಿ ತುಳಿದುಕೊಂಡು ಸೀದಾ ನನ್ನೆದುರು ನಿಂತಳು. ಕೈಯಲ್ಲಿ ಚೀಟಿ.

"ಹತ್ತು ವಾಕ್ಯ ಬರೀರಿ ಅಂದರೆ ಒಂದು ಬರೆದು ಬರ್ತೀರಾ? ಒಂದು ತಿಂಗಳು ಮಣ್ಣು ಹೊತ್ತೆನಾ ನಾನು?"

"ತಪ್ಪಾಯ್ತು."

"ತಗೊಳ್ಳಿ. ಈ ಸಲದ ಫೇಲಾದವರು."

"ನನಗ್ಯಾಕೆ ಟೀಚರೇ? ನಾನು ಹೊರಟೆ."

"ಓದಿ ಮೊದಲು. ಪೂರ್ತಿ ಓದೋಕಾದರೂ ಕಲಿಸಿದೀನಿ."

ಓದಿದೆ. 'ಒಬ್ಬರೇ. ಮೇಸ್ತ್ರಿ. ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಕಳಿಸಬೇಕಾದ ಜಾಗ: ನನ್ನ ಮನೆ. ವಾಪಸ್ಸು ತೆಗೆದುಕೊಳ್ಳುವುದಿಲ್ಲ.'

ತಲೆ ಎತ್ತಿದೆ. ಎಡಹುಬ್ಬು ಮೇಲಿತ್ತು. ಕೆಳಗಿನ ತುಟಿ ಮಾತ್ರ ನಡುಗುತ್ತಿತ್ತು.

"ನಿಮ್ಮ ಚಿಕ್ಕಪ್ಪ ಏನಂತಾರೆ?"

"ಒಬ್ಬ ಬಡಗಿ ಹಿಂದೆ ಹೋಗ್ತೀಯಾ ಅಂದರು. ಹಿಂದೆ ಅಲ್ಲ, ಜೊತೆಗೆ ಅಂದೆ. ನೀವೇನಂತೀರಿ? ಇದಕ್ಕೂ ಒಂದೇ ವಾಕ್ಯನಾ?"

"ಒಂದೇ. ಬರ್ತೀನಿ."

ಪೆಟ್ಟಿಗೆಯ ಒಂದು ಹಿಡಿ ನಾನು ಹಿಡಿದೆ, ಇನ್ನೊಂದು ಅವಳು. ದಾರಿಯಲ್ಲಿ ತನ್ನ ಕ್ಲಾಸಿನೊಳಗಿಂದ ಆ ಗಿಡ್ಡ ಕುರ್ಚಿಯನ್ನೂ ಎತ್ತಿ ಅವಳು ಕಂಕುಳಲ್ಲಿ ಇರುಕಿಕೊಂಡಳು. "ಅದು ಶಾಲೆ ಆಸ್ತಿ!" ಎಂದು ಹೆಡ್‌ಮಾಸ್ತರು ಕೂಗಿದರು. ಮಗಳಂಥವಳು ಹೋಗುತ್ತಿದ್ದಾಳೆ, ಆ ಮನುಷ್ಯನಿಗೆ ಕಂಡದ್ದು ಕುರ್ಚಿ.

ಮುಂದೆ ಮನೆಯ ಹಿಂದೊಂದು ಶೆಡ್ಡು ಹಾಕಿಕೊಂಡೆ. ಅವಳು ಅದೇ ಶಾಲೆಯಲ್ಲಿ ಲೆಕ್ಕ ಕಲಿಸಿ, ಪಾಸಾದವರನ್ನೂ ಫೇಲಾದವರನ್ನೂ ಒಂದೇ ಚೀಟಿಯಲ್ಲಿ ಬರೆದು ಶೆಡ್ಡಿಗೆ ಕಳಿಸುತ್ತಿದ್ದಳು. ನಲವತ್ತು ವರ್ಷವಾಯಿತು.

ಮೊನ್ನೆ ಪೇಪರು ಓದಿ ಹೇಳಿದಳು. ಆರನೇ ಕ್ಲಾಸಿನಿಂದಲೇ ಎಲ್ಲ ಶಾಲೆಗಳಲ್ಲೂ ಕಸುಬು ಕಲಿಸುತ್ತಾರಂತೆ, ಹೊಸ ಯೋಜನೆಯಂತೆ. ಫೋಟೋ ಬೇರೆ ಹಾಕಿದ್ದಾರೆ. ಗಾಜಿನ ಬೀರು, ಮುಂದೆ ನಾಲ್ಕು ಜನ ನಗುತ್ತಾ.

"ಕೀಲಿ ಯಾರ ಸೊಂಟದಲ್ಲಿದೆ ನೋಡು," ಅಂದೆ.

ಓದುವಾಗ ಅವಳು ಕೂರುವುದು ಅದೇ ಗಿಡ್ಡ ಕುರ್ಚಿಯಲ್ಲಿ. ಮನೆ ತುಂಬ ನನ್ನ ಕೈಯ ಕುರ್ಚಿಗಳಿವೆ, ಒಂದೂ ಕುಂಟುವುದಿಲ್ಲ. ಮಂಡಿನೋವು, ಬೇಡ ಅಂದರೂ ಕೇಳುವುದಿಲ್ಲ. ಓದಿ ಮುಗಿಸಿ, ಪೇಪರು ಮಡಿಚಿ, ನನ್ನ ಕಡೆ ನೋಡದೆಯೇ ಕೈ ಚಾಚುತ್ತಾಳೆ.

"ಕೊಡ್ರೀ."

ಕೊಡುತ್ತೇನೆ.