ಬೀರಿಯ ಬಳೆ

ಬಹಳ ಹಿಂದೆ, ಕಡಲಿಗೂ ಮಾತು ಬರುತ್ತಿದ್ದಾಗ, ಚಿಪ್ಪಿನಾಡು ಎಂಬ ರಾಜ್ಯವಿತ್ತು. ಅಲ್ಲಿ ಬೀರಿ ಎಂಬ ಮುಳುಗುಗಾರ್ತಿ ಇದ್ದಳು. ಕಡಲತಳದಿಂದ, ನಾಡೆಲ್ಲ ಉಣ್ಣುವ ಬೀಸಣಿಗೆಯಂಥ ಚಿಪ್ಪುಗಳನ್ನು ಕೈಯಲ್ಲಿ ಆಯುವುದು ಅವಳ ಕುಲದ ಕಸುಬು. ಆಯ್ದ ಪ್ರತಿ ಚಿಪ್ಪನ್ನೂ ಕೈಬಳೆಗೆ ಹಿಡಿದು ನೋಡುವರು. ಬಳೆಯಲ್ಲಿ ನುಸುಳಿದರೆ ಅದು ಮರಿ, ಮರಳಿ ಕಡಲಿಗೆ.

ಒಂದು ದಿನ ಲೋಹದಂತನೆಂಬ ಮಾಂತ್ರಿಕ ಅರಸನ ಬಳಿ ಬಂದ. ಅವನ ಹತ್ತಿರ ಸಾವಿರ ಹಲ್ಲಿನ ಕಬ್ಬಿಣದ ನೇಗಿಲಿತ್ತು. ಅದನ್ನೆಳೆಯಲು ನೀರೊಳಗೆ ಉಸಿರಾಡುವ ಕೋಣವಿತ್ತು.

"ಹೊಲ ಉತ್ತರೆ ಬೆಳೆ, ಪ್ರಭು. ಕಡಲನ್ನೂ ಉಳೋಣ."

ಅರಸ ತಲೆದೂಗಿದ.

ಮೊದಲ ಕೊಲ್ಲಿ ಉತ್ತರು. ಗುಡ್ಡದಷ್ಟು ಚಿಪ್ಪು ಬಂತು, ಅರ್ಧಕ್ಕರ್ಧ ಒಡೆದದ್ದು. ಬೀರಿ ಕೂಗಿದಳು. ಕಾವಲುಗಾರರು ನಕ್ಕರು. ಎರಡನೆಯ ಕೊಲ್ಲಿ ಉತ್ತರು. ಹವಳ, ಪಾಚಿ, ಮೀನಿನ ಮೊಟ್ಟೆ ಎಲ್ಲ ಕಿತ್ತು ಬಂತು. ಚಿಪ್ಪು ಮಾತ್ರ ಮೂರೇ ಬುಟ್ಟಿ. ಬೀರಿ ಕೂಗಿದಳು. ಕಾವಲುಗಾರರು ದಬ್ಬಿದರು. ಇನ್ನುಳಿದದ್ದು ತಾಯಿಕೊಲ್ಲಿ, ಚಿಪ್ಪುಗಳು ಮರಿಮಾಡುವ ಜಾಗ. ಅದೂ ಹೋದರೆ ನಾಡಿಗೆ ಚಿಪ್ಪೇ ಇಲ್ಲ.

ಮೂರನೆಯ ದಿನ ಬೀರಿ ತಾಯಿಕೊಲ್ಲಿಯಲ್ಲಿ ಕೋಣದ ಮುಂದೆ ಕುತ್ತಿಗೆಮಟ್ಟ ನೀರಲ್ಲಿ ನಿಂತಳು.

"ಸರಿಯೇ ಆಚೆ, ಮೀನುನಾತದವಳೇ!" ಎಂದ ಲೋಹದಂತ.

"ಸರಿಯೋದಿಲ್ಲ, ಹೋಗೋ! ಪ್ರಭು, ಉಳೋದು ಬಿತ್ತೋಕೆ ಮುಂಚೆಯೋ, ಪೈರು ನಿಂತ ಮೇಲೋ?"

"ಮುಂಚೆ," ಎಂದ ದಡದಲ್ಲಿದ್ದ ಅರಸ.

"ಇವನು ಕಡಲಲ್ಲಿ ಒಂದು ಕಾಳಾದರೂ ಬಿತ್ತಿದ್ದನ್ನ ಕಂಡಿರಾ? ನಿಂತ ಪೈರಿನ ಮೇಲೆ ನೇಗಿಲು ಹೊಡೆಯೋನನ್ನ ರೈತ ಅಂತೀರಾ, ಕಳ್ಳ ಅಂತೀರಾ?"

ಅರಸ ಕಾವಲುಗಾರರನ್ನು ಹಿಂದಕ್ಕೆ ಕರೆದ. ಬೀರಿ ಸೊಂಟದ ಕತ್ತಿ ತೆಗೆದು ಕೋಣದ ಮೂಗುದಾರ ಕತ್ತರಿಸಿದಳು. ಕೋಣವನ್ನು ಕಟ್ಟಿಹಾಕಿದ್ದ ಮಂತ್ರವಿದ್ದದ್ದು ಅದರಲ್ಲೇ. ಕೋಣ ನೊಗ ಮುರಿದು ಲೋಹದಂತನ ಮೇಲೆ ನುಗ್ಗಿತು. ಅವನು ಹೆದರಿ ಚಿಟಿಕೆಯಷ್ಟು ಚಿಪ್ಪಾಗಿ ಮರಳಲ್ಲಿ ಅಡಗಿದ. ಬೀರಿ ಮುಳುಗಿ ಅವನನ್ನು ಆಯ್ದು ಬಳೆಗೆ ಹಿಡಿದಳು. ನುಸುಳಿಬಿದ್ದ.

"ಮರಿ," ಎಂದಳು. "ಕಡಲಿಗೆ."

"ಇವನು ನನ್ನ ಬಳಿಯೇ ಇರಲಿ," ಎಂದಿತು ಕಡಲು, ನುಂಗಿತು.

"ಏನು ಬೇಕು ಕೇಳು," ಎಂದ ಅರಸ.

"ತಾಯಿಕೊಲ್ಲಿಗೆ ಯಾರೂ ಕೈಹಾಕಬಾರದು. ಉತ್ತ ಕೊಲ್ಲಿಗಳು ಚೇತರಿಸಿಕೊಳ್ಳೋವರೆಗೆ ಮುಚ್ಚಿರಬೇಕು. ಬಾಯಿಮಾತು ಬೇಡ, ಕಲ್ಲಲ್ಲಿ ಕೆತ್ತಿಸಿ. ಆ ನೇಗಿಲು ಕರಗಿಸಿ ಬಳೆ ಮಾಡಿಸಿ, ದೋಣಿಗೊಂದು."

ಹಾಗೇ ಆಯಿತು. ಬಳೆಗಳು ಬಂದ ದಿನ ಬೀರಿ ಒಂದನ್ನು ಹಿಡಿದು ನೇರ ಅರಮನೆಯ ದೋಣಿ ಹತ್ತಿದಳು.

"ನಮ್ಮ ಚಿಪ್ಪನ್ನೂ ಅಳೀತೀಯೇನೇ?" ಎಂದ ಅರಸ.

"ನಿಮ್ಮದೇ ಮೊದಲು, ಪ್ರಭು."

ಕೊಲ್ಲಿಗಳು ಮತ್ತೆ ತುಂಬಿದವು. ಚಿಪ್ಪಿನಾಡು ಸುಖವಾಗಿತ್ತು. ಅರಸನೂ ಸುಖವಾಗಿದ್ದ, ತಟ್ಟೆಯಲ್ಲಿ ಚಿಪ್ಪು ನಾಲ್ಕು ಕಡಿಮೆ, ಅಷ್ಟೆ.